ಎರಡು ದಿನ, ನಾಲ್ಕು ಕಾಲುವೆ: ವಾರಾಂತ್ಯದಲ್ಲಿ ಆಮ್‌ಸ್ಟರ್‌ಡ್ಯಾಮ್ ನೋಡುವ ಬಗೆ

ನಮ್ಮ ಮನೆ ಇರುವುದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಊರಿಂದ ಯಾರೇ ಬಂದರೂ ಚೀಲ ಕೆಳಗಿಡುವ ಮೊದಲೇ ಕೇಳುವುದು ಒಂದೇ ಮಾತು: "ಆಮ್‌ಸ್ಟರ್‌ಡ್ಯಾಮಿಗೆ ಯಾವತ್ತು ಹೋಗೋಣ?" ಅಪ್ಪ ಅಮ್ಮ, ಅತ್ತೆ ಮಾವ, ಚಿಕ್ಕಪ್ಪನ ಮಕ್ಕಳು, ಹೀಗೆ ಎಷ್ಟೋ ಸಲ ನೆಂಟರನ್ನು ಕರೆದುಕೊಂಡು ಹೋಗಿದ್ದೇನೆ. ಮೊದಲ ಸಲ ಅಮ್ಮ ಬಂದಾಗ ಒಂದೇ ದಿನದಲ್ಲಿ ಒಂಬತ್ತು ಜಾಗ ತೋರಿಸಿದೆ. ರಾತ್ರಿ ರೈಲಿನಲ್ಲಿ ಕಾಲು ಒತ್ತಿಕೊಳ್ಳುತ್ತಾ ಅಮ್ಮ ಹೇಳಿದ್ದು: "ಎಲ್ಲ ಚೆನ್ನಾಗಿತ್ತು ಕಣೋ. ಆದ್ರೆ ಆ ನೀರಿನ ಪಕ್ಕ ಒಂದು ಗಳಿಗೆ ಕೂತ್ಕೊಳ್ಳೋಕೇ ಆಗ್ಲಿಲ್ಲ."

ಆ ಮಾತು ನನ್ನ ಪಟ್ಟಿಯನ್ನೇ ಬದಲಿಸಿತು. ಈ ಊರಿನಲ್ಲಿ ನೋಡಬೇಕಾದದ್ದು ಕಾಲುವೆಗಳನ್ನೇ. ಮ್ಯೂಸಿಯಂ, ಮಾರುಕಟ್ಟೆ, ಚರ್ಚು ಎಲ್ಲ ಆ ನೀರಿನ ದಡದಲ್ಲಿ ಸಿಗುವ ನಿಲ್ದಾಣಗಳು. ಶುಕ್ರವಾರ ಸಂಜೆ ಬಂದು ಭಾನುವಾರ ರಾತ್ರಿ ಹೊರಡುವವರಿಗೆ ಆಗುವಂಥ ಒಂದು ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೊರಡುವ ಮೊದಲು: ಎರಡೇ ಎರಡು ಬುಕಿಂಗ್

ಭಾರತದಿಂದ ಬರುವವರಿಗೆ ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕಡೇ ಪಕ್ಷ 15 ದಿನ ಮೊದಲಾದರೂ ಹಾಕಲೇಬೇಕು. ಲಂಡನ್ನಿನಲ್ಲಿರುವ ನಮ್ಮವರು ಒಂದು ವಿಷಯ ಮರೆಯಬೇಡಿ: ಬ್ರಿಟನ್ ವೀಸಾ ಇದ್ದ ಮಾತ್ರಕ್ಕೆ ಇಲ್ಲಿಗೆ ಬರಲು ಆಗುವುದಿಲ್ಲ. ಜರ್ಮನಿ, ಫ್ರಾನ್ಸ್, ಬೆಲ್ಜಿಯಂನಲ್ಲಿ ವಾಸದ ಪರವಾನಗಿ ಇರುವವರಿಗೆ ಬೇರೆ ವೀಸಾ ಬೇಡ. ರೈಲು ಹತ್ತಿದರೆ ಸಾಕು. ಬ್ರಸೆಲ್ಸ್‌ನಿಂದ ಸುಮಾರು ಎರಡು ಗಂಟೆ, ಪ್ಯಾರಿಸ್‌ನಿಂದ ಮೂರೂವರೆ ಗಂಟೆಯೊಳಗೆ ಬಂದು ಸೇರಬಹುದು.

ಇನ್ನು ಬುಕಿಂಗ್. ಮೊದಲನೆಯದು ಆನ್ ಫ್ರಾಂಕ್ ಮನೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಗೆ ಹೆದರಿ ಅಡಗಿದ್ದು, ಅಲ್ಲೇ ದಿನಚರಿ ಬರೆದ ಯಹೂದಿ ಹುಡುಗಿ ಆನ್. ಅಲ್ಲಿ ಬಾಗಿಲಲ್ಲಿ ಟಿಕೆಟ್ ಸಿಗುವುದೇ ಇಲ್ಲ. ಎಲ್ಲವೂ ಅವರ ಅಧಿಕೃತ ಜಾಲತಾಣದಲ್ಲೇ. ಪ್ರತಿ ಮಂಗಳವಾರ ಬೆಳಿಗ್ಗೆ 10 ಗಂಟೆಗೆ, ಆರು ವಾರದ ನಂತರದ ಟಿಕೆಟ್‌ಗಳನ್ನು ಬಿಡುತ್ತಾರೆ. ಅದು ಇಲ್ಲಿನ ಸಮಯ. ಭಾರತದಲ್ಲಿ ಆಗ ಬೇಸಿಗೆಯಾದರೆ ಮಧ್ಯಾಹ್ನ 1:30, ಚಳಿಗಾಲವಾದರೆ 2:30. ವಾರಾಂತ್ಯದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಹಾಗಾಗಿ ಅಲಾರಂ ಇಟ್ಟುಕೊಂಡು ಕೂರಿ. ನನ್ನ ಸಲಹೆ ಕೇಳಿದರೆ, ವಿಮಾನದ ಟಿಕೆಟ್ ಆದ ಮೇಲೆ ಹೋಟೆಲ್‌ಗೂ ಮೊದಲು ಗಮನ ಕೊಡಬೇಕಾದದ್ದು ಇದಕ್ಕೇ.

ಎರಡನೆಯದು ಒಂದು ದೊಡ್ಡ ಮ್ಯೂಸಿಯಂ. ಹಳೇ ಡಚ್ ಚಿತ್ರಗಳಿರುವ ರೈಕ್ಸ್ ಮ್ಯೂಸಿಯಂ ಅಥವಾ ಚಿತ್ರಕಾರ ವ್ಯಾನ್ ಗೋ ಹೆಸರಿನ ವ್ಯಾನ್ ಗೋ ಮ್ಯೂಸಿಯಂ. ಎರಡನ್ನೂ ಒಂದೇ ವಾರಾಂತ್ಯಕ್ಕೆ ತುರುಕಬೇಡಿ. ಒಂದೊಂದಕ್ಕೂ ತಲಾ 25 ಯೂರೋ ಆಸುಪಾಸು. 18 ವರ್ಷದೊಳಗಿನ ಮಕ್ಕಳಿಗೆ ಎರಡೂ ಕಡೆ ಉಚಿತ. ಆದರೆ ವ್ಯಾನ್ ಗೋ ಮ್ಯೂಸಿಯಂಗೆ ಮಕ್ಕಳ ಹೆಸರಲ್ಲೂ ಸಮಯ ಕಾದಿರಿಸಲೇಬೇಕು. ನೀವು ನೆದರ್ಲೆಂಡ್ಸ್‌ನಲ್ಲೇ ಇರುವವರಾದರೆ ವರ್ಷಪೂರ್ತಿ ನಡೆಯುವ ಮ್ಯೂಸಿಯಂ ಕಾರ್ಡ್ ಮಾಡಿಸಿಕೊಳ್ಳಿ. ನಾಲ್ಕೈದು ಸಲ ಹೋದರೆ ಕೊಟ್ಟ ಹಣ ಬಂದ ಹಾಗೇ.

ಯಾವ ತಿಂಗಳು, ಎಲ್ಲಿ ಮಲಗುವುದು

ಏಪ್ರಿಲ್‌ನಲ್ಲಿ ಟ್ಯೂಲಿಪ್ ಹೂ ನೋಡಲು ಲೋಕವೇ ಬರುತ್ತದೆ. ಏಪ್ರಿಲ್ 27ರಂದು ರಾಜನ ಹುಟ್ಟುಹಬ್ಬ. ಅವತ್ತು ಊರೆಲ್ಲ ಕಿತ್ತಳೆ ಬಣ್ಣ, ಕಾಲುವೆ ತುಂಬ ದೋಣಿ, ಬೀದಿ ತುಂಬ ಜನ. ಹಬ್ಬದ ಗದ್ದಲ ಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಕಾಲುವೆಯನ್ನು ಸಮಾಧಾನವಾಗಿ ನೋಡಬೇಕು ಅನ್ನುವವರು ಮೇ ಕೊನೆಯಲ್ಲೋ ಸೆಪ್ಟೆಂಬರ್‌ನಲ್ಲೋ ಬನ್ನಿ. ಜೂನ್‌ನಲ್ಲಿ ರಾತ್ರಿ 10 ಗಂಟೆಯವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 4:30ಕ್ಕೇ ಸೂರ್ಯ ಮುಳುಗಿರುತ್ತಾನೆ. ಮಳೆ ಮಾತ್ರ ಯಾವ ತಿಂಗಳಲ್ಲೂ ಬರಬಹುದು. ಇಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ತಲೆಗೆ ಟೊಪ್ಪಿ ಇರುವ ಮಳೆ ಜಾಕೆಟ್ ತನ್ನಿ.

ಹೋಟೆಲ್ ದುಬಾರಿ. 2024ರಿಂದ ಕೋಣೆಯ ಬಾಡಿಗೆ ಮೇಲೆ ಊರಿನ ಪ್ರವಾಸಿ ತೆರಿಗೆಯೇ ಶೇ. 12.5. ಬುಕಿಂಗ್ ಮಾಡುವಾಗ ತೋರಿಸುವ ದರದಲ್ಲಿ ಅದು ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ. ಕೈಗೆ ಎಟುಕುವ ದರ ಬೇಕಿದ್ದರೆ ನೀರಿನ ಆಚೆ ದಡದ ನೋರ್ಡ್ ಕಡೆ ಹುಡುಕಿ. ಇಲ್ಲವೇ ಪಕ್ಕದ ಹಾರ್ಲೆಮ್ ಊರಿನಲ್ಲಿ ಉಳಿಯಿರಿ. ಹಾರ್ಲೆಮ್‌ನಿಂದ ರೈಲಿನಲ್ಲಿ ಕಾಲು ಗಂಟೆ, ಅಷ್ಟೇ. ಅದೂ ತುಂಬ ಚೆಂದದ ಊರು.

ಕಾಲುವೆ ಪಕ್ಕದ ಹಳೇ ಮನೆಯಲ್ಲೇ ಉಳಿಯುವ ಆಸೆ ಇದ್ದರೆ ಒಂದು ಪ್ರಶ್ನೆ ಕೇಳದೆ ಹಣ ಕಟ್ಟಬೇಡಿ: "ಲಿಫ್ಟ್ ಇದೆಯಾ?" ಮಾವನವರು ಬಂದಾಗ ಹಾಗೊಂದು ಕಡೆ ಮೂರನೇ ಮಹಡಿಯಲ್ಲಿ ಕೋಣೆ ಕೊಟ್ಟರು. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ನಮ್ಮೂರ ಮನೆಯ ಅಟ್ಟದ ಏಣಿಯೇ ವಾಸಿ. ಪಾದದ ಮುಂದಿನ ಅರ್ಧ ಮಾತ್ರ ಮೆಟ್ಟಿಲ ಮೇಲೆ ಕೂರುತ್ತಿತ್ತು. ಕೈಗೆ ಹಿಡಿಯಲು ಒಂದು ದಪ್ಪ ಹಗ್ಗ. ಮಂಡಿ ನೋವಿನ ಮಾವ ಇಳಿಯುವಾಗ ಹಿಂದುಮುಂದಾಗಿ, ಏಣಿ ಇಳಿದ ಹಾಗೇ ಇಳಿದರು. ವಯಸ್ಸಾದವರ ಜೊತೆ ಬರುವವರು ದಯವಿಟ್ಟು ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ವಿಮಾನ ನಿಲ್ದಾಣದಿಂದ ಊರೊಳಕ್ಕೆ

ಸ್ಕಿಪೋಲ್ ನಿಲ್ದಾಣದಲ್ಲಿ ವಿಮಾನ ಇಳಿದಾಗ ನೀವು ಸಮುದ್ರಮಟ್ಟಕ್ಕಿಂತ ಮೂರು ನಾಲ್ಕು ಮೀಟರ್ ಕೆಳಗಿರುತ್ತೀರಿ. ಅದು ಒಂದು ಕಾಲದಲ್ಲಿ ಹಾರ್ಲೆಮ್ ಸರೋವರದ ತಳ. 1852ರ ಹೊತ್ತಿಗೆ ನೀರನ್ನೆಲ್ಲ ಪಂಪ್ ಮಾಡಿ ಹೊರಹಾಕಿ ನೆಲ ಮಾಡಿಕೊಂಡರು. ಈ ದೇಶದ ಕತೆ ಅಲ್ಲಿಂದಲೇ ಶುರು.

ರೈಲು ನಿಲ್ದಾಣ ವಿಮಾನ ನಿಲ್ದಾಣದ ಕೆಳಗೇ ಇದೆ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ಗೆ 15ರಿಂದ 20 ನಿಮಿಷ. ಟ್ಯಾಕ್ಸಿ ಬೇಡವೇ ಬೇಡ. ಟಿಕೆಟ್‌ಗೆ ಸಾಲು ನಿಲ್ಲುವುದೂ ಬೇಡ. ನಿಮ್ಮ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿನಲ್ಲಿ ತಾಗಿಸಿ ಒಳಗೆ ಹೋಗಿ, ಇಳಿದ ಮೇಲೆ ಮತ್ತೆ ತಾಗಿಸಿ ಹೊರಗೆ ಬನ್ನಿ. ರೈಲು, ಟ್ರಾಮ್, ಬಸ್, ಮೆಟ್ರೋ ಎಲ್ಲಕ್ಕೂ ಇದೇ ಕ್ರಮ. ಇಲ್ಲಿ ಎರಡು ಎಚ್ಚರಿಕೆ. ಹತ್ತುವಾಗ ಯಾವ ಕಾರ್ಡೋ ಇಳಿಯುವಾಗಲೂ ಅದೇ ಕಾರ್ಡ್ ಇರಬೇಕು. ಒಂದು ಕಾರ್ಡಿನಲ್ಲಿ ಒಬ್ಬರು ಮಾತ್ರ. ನಾಲ್ಕು ಜನರಿದ್ದರೆ ನಾಲ್ಕು ಕಾರ್ಡ್ ಬೇಕು. ಇಲ್ಲದಿದ್ದರೆ ಟಿಕೆಟ್ ಕೊಳ್ಳಿ. ಇಳಿಯುವಾಗ ತಾಗಿಸುವುದನ್ನು ಮರೆತರೆ ಜಾಸ್ತಿ ಹಣ ಕಡಿತವಾಗುತ್ತದೆ.

ಭಾರತದ ಕಾರ್ಡ್ ಆದರೆ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ. ಎಷ್ಟೋ ಅಂಗಡಿಗಳಲ್ಲಿ ನೋಟು ತೆಗೆದುಕೊಳ್ಳುವುದೇ ಇಲ್ಲ. ಟ್ರಾಮಿನಲ್ಲೂ ನಗದು ನಡೆಯುವುದಿಲ್ಲ. ದೊಡ್ಡ ಚೀಲಗಳನ್ನು ಸೆಂಟ್ರಾಲ್ ನಿಲ್ದಾಣದ ಲಾಕರ್‌ನಲ್ಲಿ ಇಡಬಹುದು. ಆ ನಿಲ್ದಾಣದಲ್ಲಿ ಮತ್ತು ಟ್ರಾಮಿನಲ್ಲಿ ಜೇಬುಗಳ್ಳರ ಕಾಟ ಇದೆ. ಪರ್ಸ್ ಮುಂದಿನ ಜೇಬಿನಲ್ಲಿರಲಿ.

ನಕ್ಷೆ ತಲೆಯಲ್ಲಿ ಕೂರಿಸಿಕೊಳ್ಳುವುದು

ಈ ಹಂತವನ್ನು ಜನ ಬಿಟ್ಟೇ ಬಿಡುತ್ತಾರೆ. ಹತ್ತು ನಿಮಿಷ ಇದಕ್ಕೆ ಕೊಟ್ಟರೆ ಎರಡು ದಿನ ಫೋನ್ ನೋಡದೆ ತಿರುಗಾಡಬಹುದು.

ಆಮ್‌ಸ್ಟಲ್ ಅನ್ನುವ ನದಿಗೆ 13ನೇ ಶತಮಾನದಲ್ಲಿ ಒಂದು ಒಡ್ಡು ಕಟ್ಟಿದರು. ಆಮ್‌ಸ್ಟಲ್ ನದಿಯ ಡ್ಯಾಮ್, ಹಾಗಾಗಿ ಆಮ್‌ಸ್ಟರ್‌ಡ್ಯಾಮ್. 1275ರ ಒಂದು ದಾಖಲೆಯಲ್ಲಿ ಊರಿನ ಹೆಸರು ಮೊದಲ ಸಲ ಸಿಗುತ್ತದೆ. ಆ ಒಡ್ಡು ಇದ್ದ ಜಾಗವೇ ಇವತ್ತಿನ ಡ್ಯಾಮ್ ಚೌಕ. ಊರು ಬೆಳೆದಂತೆ ಅದರ ಸುತ್ತ ಕಾಲುವೆಗಳು ಬಂದವು. ಮೇಲಿಂದ ನೋಡಿದರೆ ಬಿಚ್ಚಿದ ಬೀಸಣಿಗೆಯ ಹಾಗೆ. ಹಿಡಿಯ ಜಾಗದಲ್ಲಿ ಸೆಂಟ್ರಾಲ್ ನಿಲ್ದಾಣ.

ಒಳಗಿಂದ ಹೊರಕ್ಕೆ ನಾಲ್ಕು ಹೆಸರು ನೆನಪಿಡಿ. ಸಿಂಗಲ್, ಹೇರನ್‌ಗ್ರಾಹ್ಟ್, ಕೈಜರ್ಸ್‌ಗ್ರಾಹ್ಟ್, ಪ್ರಿನ್ಸನ್‌ಗ್ರಾಹ್ಟ್. ಗ್ರಾಹ್ಟ್ ಅಂದರೆ ಊರೊಳಗಿನ ಕಾಲುವೆ. ಸಿಂಗಲ್ ಹಳೇ ಕೋಟೆಯ ಕಂದಕ. ಉಳಿದ ಮೂರು ಯಜಮಾನರ, ಚಕ್ರವರ್ತಿಯ, ರಾಜಕುಮಾರನ ಕಾಲುವೆಗಳು. ಅವುಗಳನ್ನು ಅಗೆಯಲು ಶುರು ಮಾಡಿದ್ದು 1613ರಲ್ಲಿ. ಯುನೆಸ್ಕೋ 2010ರಲ್ಲಿ ಈ ಇಡೀ ಕಾಲುವೆ ಸುತ್ತನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮನೆ ನಂಬರ್ ಓದುವುದನ್ನು ಕಲಿತರೆ ದಾರಿ ತಪ್ಪುವುದಿಲ್ಲ. ಈ ಮೂರು ಕಾಲುವೆಗಳಲ್ಲಿ ನಂಬರ್ ಶುರುವಾಗುವುದು ವಾಯವ್ಯ ಮೂಲೆಯ ಬ್ರೌವರ್ಸ್‌ಗ್ರಾಹ್ಟ್ ಕಡೆಯಿಂದ. ಆಮ್‌ಸ್ಟಲ್ ನದಿಯ ಕಡೆಗೆ ಹೋದಂತೆ ಏರುತ್ತದೆ. ಬೆಸ ಸಂಖ್ಯೆಯ ಮನೆಗಳು ಊರ ಮಧ್ಯದ ಕಡೆಯ ದಡದಲ್ಲಿ, ಸಮ ಸಂಖ್ಯೆಯವು ಹೊರ ದಡದಲ್ಲಿ. ಪ್ರಿನ್ಸನ್‌ಗ್ರಾಹ್ಟ್ 263 ಅಂದರೆ ಒಳದಡ, ಶುರುವಿಗೆ ಹತ್ತಿರ ಅಂತ ತಕ್ಷಣ ಗೊತ್ತಾಗುತ್ತದೆ ಅಲ್ವಾ?

ಮನೆಗಳನ್ನೂ ಓದಬಹುದು. ತಲೆ ಎತ್ತಿ ನೋಡಿ. ಮುಂಭಾಗದ ನೆತ್ತಿಯಲ್ಲಿ ಒಂದು ತೊಲೆ ಹೊರಚಾಚಿರುತ್ತದೆ, ಅದರ ತುದಿಗೆ ಕೊಕ್ಕೆ. ಮೆಟ್ಟಿಲು ಅಷ್ಟು ಇಕ್ಕಟ್ಟು ಇರುವುದರಿಂದ ಸಾಮಾನೆಲ್ಲ ಹಗ್ಗದಲ್ಲಿ ಮೇಲಕ್ಕೆ. ಹಿಂದೆ ಮೆಣಸು, ದಾಲ್ಚಿನ್ನಿ ಮೂಟೆಗಳು ಅಟ್ಟಕ್ಕೆ ಹೋಗುತ್ತಿದ್ದವು. ಈಗ ಮನೆ ಬದಲಿಸುವವರ ಸೋಫಾ ಕಿಟಕಿಯಿಂದ ಒಳಗೆ ಹೋಗುತ್ತದೆ. ಮೂಟೆ ಗೋಡೆಗೆ ಬಡಿಯದಿರಲಿ ಅಂತ ಎಷ್ಟೋ ಮನೆಗಳನ್ನು ಬೇಕಂತಲೇ ಸ್ವಲ್ಪ ಮುಂದಕ್ಕೆ ವಾಲಿಸಿ ಕಟ್ಟಿದ್ದಾರೆ. ಪಕ್ಕಕ್ಕೆ ವಾಲಿದ್ದರೆ ಅದು ಬೇಕಂತ ಮಾಡಿದ್ದಲ್ಲ, ಅಡಿಪಾಯ ಕುಸಿದದ್ದು. ಇಲ್ಲಿನ ನೆಲ ಕೆಸರು. ಅದಕ್ಕೇ ಹಳೇ ಕಟ್ಟಡಗಳೆಲ್ಲ ಮರದ ಕಂಬಗಳ ಮೇಲೆ ನಿಂತಿವೆ. ಡ್ಯಾಮ್ ಚೌಕದ ಅರಮನೆಯೊಂದರ ಕೆಳಗೇ 13,659 ಕಂಬ. ನೀರಿನಲ್ಲಿ ಪೂರ್ತಿ ಮುಳುಗಿರುವವರೆಗೆ ಆ ಮರ ಕೊಳೆಯುವುದಿಲ್ಲ. ನೀರು ಇಳಿದು ಗಾಳಿ ತಾಗಿದರೆ ಕೆಡುತ್ತದೆ. ಅಂದರೆ ಈ ಊರನ್ನು ಹೊತ್ತು ನಿಲ್ಲಿಸಿರುವುದರಲ್ಲಿ ನೀರಿನ ಪಾಲೂ ಇದೆ.

ಆ ಮೆಣಸು ಎಲ್ಲಿಯದು ಅಂತ ನಮಗೆ ಗೊತ್ತಿರಬೇಕು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಮ್ಮ ಕರಾವಳಿಗೂ ಬರುತ್ತಿದ್ದವು. ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ಆ ಶತಮಾನದಲ್ಲೇ ಅವರ ವ್ಯಾಪಾರದ ಕೋಠಿ ಇತ್ತು. ಇಲ್ಲಿನ ಶ್ರೀಮಂತಿಕೆಯಲ್ಲಿ ಗುಲಾಮರ ವ್ಯಾಪಾರದ ಪಾಲೂ ಇದೆ. ಅದಕ್ಕಾಗಿ ಊರಿನ ಮೇಯರ್ 2021ರ ಜುಲೈ 1ರಂದು ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಚೆಂದದ ಮನೆಗಳನ್ನು ನೋಡುವಾಗ ಇದೂ ನೆನಪಿರಲಿ.

ಶುಕ್ರವಾರ ಸಂಜೆ: ಸುಮ್ನೆ ನಡೆಯಿರಿ

ಹೋಟೆಲ್‌ನಲ್ಲಿ ಚೀಲ ಇಟ್ಟು ಸಿಂಗಲ್‌ನಿಂದ ಶುರು ಮಾಡಿ. ಒಂದೊಂದೇ ಕಾಲುವೆ ದಾಟುತ್ತಾ ಪ್ರಿನ್ಸನ್‌ಗ್ರಾಹ್ಟ್‌ವರೆಗೆ ಹೋಗಿ. ನಡುವಿನ ಸಣ್ಣ ಅಡ್ಡಬೀದಿಗಳಿಗೆ ಒಟ್ಟಾಗಿ 'ಒಂಬತ್ತು ಬೀದಿ' ಅಂತಲೇ ಹೆಸರು. ಪುಟ್ಟ ಅಂಗಡಿಗಳು, ಕೆಫೆಗಳು. ಅಲ್ಲಿಂದ ಆಗ್ನೇಯಕ್ಕೆ ನಡೆದು ರೆಗುಲಿಯರ್ಸ್‌ಗ್ರಾಹ್ಟ್ ಮತ್ತು ಹೇರನ್‌ಗ್ರಾಹ್ಟ್ ಸೇರುವ ಮೂಲೆಗೆ ಬನ್ನಿ. ಸೇತುವೆ ಮೇಲೆ ನಿಂತು ಮುಂದೆ ನೋಡಿದರೆ ಒಂದರ ಹಿಂದೆ ಒಂದು ಏಳು ಕಮಾನು ಸೇತುವೆಗಳು. ಕತ್ತಲಾದ ಮೇಲೆ ಕಮಾನುಗಳ ಅಂಚಿಗೆ ದೀಪ ಹತ್ತುತ್ತದೆ. ನೀರಿನಲ್ಲಿ ಕಮಾನಿನ ಇನ್ನರ್ಧ ಮೂಡಿ ಪೂರ್ತಿ ಬಳೆಯಾಗುತ್ತದೆ.

ಇನ್ನೂ ಕಾಲಿಗೆ ಶಕ್ತಿ ಇದ್ದರೆ ಆಮ್‌ಸ್ಟಲ್ ನದಿಯ ಮೇಲಿನ ಮಾಹರೆ ಬ್ರುಹ್ ಸೇತುವೆಗೆ ಹೋಗಿ. ದೊಡ್ಡ ದೋಣಿ ಬಂದಾಗ ಮಧ್ಯದಲ್ಲಿ ಎತ್ತಿ ತೆರೆಯುವ ಬಿಳಿ ಮರದ ಸೇತುವೆ. ರಾತ್ರಿ ಅದರ ತುಂಬ ಪುಟ್ಟ ಬಲ್ಬುಗಳು. ಅವತ್ತಿಗೆ ಅಷ್ಟು ಸಾಕು.

ಶನಿವಾರ ಬೆಳಿಗ್ಗೆ: ಯೋರ್ಡಾನ್ ಬಡಾವಣೆ

ಏಳೂವರೆಗೆಲ್ಲ ಹೊರಡಿ. ದಯವಿಟ್ಟು. ಹತ್ತು ಗಂಟೆಯ ಮೇಲೆ ಈ ಊರು ಪ್ರವಾಸಿಗರದ್ದು, ಅದಕ್ಕೆ ಮೊದಲು ಇಲ್ಲಿನವರದ್ದು. ಬ್ರೌವರ್ಸ್‌ಗ್ರಾಹ್ಟ್ ಅಂದರೆ ಬಿಯರ್ ಮಾಡುವವರ ಕಾಲುವೆ. ಹಳೇ ಗೋದಾಮುಗಳ ದೊಡ್ಡ ಮರದ ಕಿಟಕಿ ಬಾಗಿಲುಗಳು, ದಡಕ್ಕೆ ಕಟ್ಟಿದ ದೋಣಿಮನೆಗಳು, ಅವುಗಳ ಮೇಲೆ ಹೂವಿನ ಕುಂಡಗಳು. ಯಾರೋ ಒಬ್ಬರು ದೋಣಿಯ ಅಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿರುತ್ತಾರೆ. ಅವು ಜನರ ಮನೆಗಳು. ಕಿಟಕಿಯೊಳಕ್ಕೆ ಇಣುಕಬೇಡಿ.

ಅಲ್ಲೇ ಹತ್ತಿರ ಏನ್‌ಹೋರ್ನ್‌ಸ್ಲೌಸ್ ಅನ್ನುವ ಹಳೇ ತೂಬಿದೆ. ಅದರ ಗೋಡೆಯಲ್ಲಿ ಒಂದು ಬಿಳಿ ಕಲ್ಲು, ಅಡ್ಡಕ್ಕೆ ಒಂದು ಗೀರು. ಸಮುದ್ರದ ಒಡ್ಡು ಊರಿನ ನೀರಿನ ಮಟ್ಟಕ್ಕಿಂತ ಒಂಬತ್ತು ಅಡಿ ಐದು ಅಂಗುಲ ಎತ್ತರ ಅಂತ ಹಳೇ ಡಚ್‌ನಲ್ಲಿ ಕೆತ್ತಿದ್ದಾರೆ. 1680ರ ದಶಕದಲ್ಲಿ ಗಣಿತಜ್ಞನೂ ಆಗಿದ್ದ ಮೇಯರ್ ಯೊಹಾನೆಸ್ ಹುಡ್ಡ ಇಂಥ ಎಂಟು ಕಲ್ಲುಗಳನ್ನು ಊರಿನ ತೂಬುಗಳಲ್ಲಿ ಕೂರಿಸಿದರು. ಅವುಗಳಲ್ಲಿ ತನ್ನ ಮೂಲ ಜಾಗದಲ್ಲೇ ಉಳಿದಿರುವುದು ಇದೊಂದೇ. ಯುರೋಪಿನ ಬಹುಪಾಲು ಕಡೆ ಇವತ್ತು ಎತ್ತರ ಅಳೆಯಲು ಬಳಸುವ ಆಮ್‌ಸ್ಟರ್‌ಡ್ಯಾಮ್ ಮಟ್ಟದ ಬೇರು ಈ ಗೀರು. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ. ನನಗೆ ಮಾತ್ರ ಇಡೀ ಊರಿನಲ್ಲಿ ಇದಕ್ಕಿಂತ ಮುಖ್ಯವಾದ ಕಲ್ಲು ಇಲ್ಲ. ನೀರಿನ ಜೊತೆ ಬದುಕಬೇಕಾದರೆ ಮೊದಲು ಅದನ್ನು ಸರಿಯಾಗಿ ಅಳೆಯಬೇಕು ಅಂತ ಅವರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಒಂಬತ್ತರ ಹೊತ್ತಿಗೆ ನೋರ್ಡರ್‌ಮಾರ್ಕ್ಟ್‌ಗೆ ಬನ್ನಿ. ಚರ್ಚಿನ ಸುತ್ತ ಶನಿವಾರ ಮಾತ್ರ ನಡೆಯುವ ರೈತರ ಸಂತೆ. ರಾಸಾಯನಿಕ ಹಾಕದೆ ಬೆಳೆದ ತರಕಾರಿ, ಬ್ರೆಡ್, ಚಕ್ರದಂಥ ಚೀಸ್, ಬುಟ್ಟಿಗಟ್ಟಲೆ ಅಣಬೆ. ಮೂಲೆಯಲ್ಲಿ ವಿಂಕಲ್ 43 ಅನ್ನುವ ಕೆಫೆ. ಅಲ್ಲಿನ ಸೇಬಿನ ಪೈ ತಿನ್ನಲು ಜನ ಸಾಲು ನಿಲ್ಲುತ್ತಾರೆ. ಹೋಳು ಎತ್ತರ, ಒಳಗೆ ಸೇಬಿನ ದಪ್ಪ ತುಂಡುಗಳು ಇನ್ನೂ ಹಲ್ಲಿಗೆ ಸಿಗುವಷ್ಟು ಗಟ್ಟಿ, ಮೇಲೆ ದಾಲ್ಚಿನ್ನಿ ಘಮ, ಪಕ್ಕದಲ್ಲಿ ಒಂದು ಮುದ್ದೆ ಸಿಹಿ ಇಲ್ಲದ ಕೆನೆ. ಇಬ್ಬರಿಗೆ ಒಂದು ಹೋಳು ಸಾಕು.

ಪ್ರಿನ್ಸನ್‌ಗ್ರಾಹ್ಟ್ 263

ನೋರ್ಡರ್‌ಮಾರ್ಕ್ಟ್‌ನಿಂದ ಕಾಲುವೆ ಹಿಡಿದು ಹತ್ತು ನಿಮಿಷ ನಡೆದರೆ ಆನ್ ಫ್ರಾಂಕ್ ಮನೆ. 11 ಗಂಟೆ ಆಸುಪಾಸಿನ ಟಿಕೆಟ್ ಇದ್ದರೆ ಚೆನ್ನ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಫೋಟೋ ತೆಗೆಯುವಂತಿಲ್ಲ.

ಇದು ಆನ್‌ಳ ಅಪ್ಪ ಓಟೋ ಫ್ರಾಂಕ್ ಅವರ ವ್ಯಾಪಾರದ ಕಟ್ಟಡ. ಹಿಂಭಾಗದಲ್ಲಿ ಎಂಟು ಜನ 1942ರ ಜುಲೈ ನಂತರ ಎರಡು ವರ್ಷಕ್ಕೂ ಹೆಚ್ಚು ಅಡಗಿದ್ದರು. 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು. ಯುದ್ಧ ಮುಗಿದಾಗ ಬದುಕಿ ಉಳಿದದ್ದು ಓಟೋ ಒಬ್ಬರೇ. ಕೋಣೆಗಳಲ್ಲಿ ಪೀಠೋಪಕರಣ ಇಲ್ಲ. ಓಟೋ ಅವರೇ ಖಾಲಿ ಇರಲಿ ಅಂದಿದ್ದರು. ಪುಸ್ತಕದ ಕಪಾಟಿನ ಹಿಂದಿನ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು. ಆನ್ ಗೋಡೆಗೆ ಅಂಟಿಸಿದ್ದ ಸಿನಿಮಾ ತಾರೆಯರ ಚಿತ್ರಗಳು ಈಗಲೂ ಇವೆ. ಇನ್ನೊಂದು ಗೋಡೆಯಲ್ಲಿ ಪೆನ್ಸಿಲ್ ಗೆರೆಗಳು. ಮಕ್ಕಳು ಎಷ್ಟು ಎತ್ತರ ಬೆಳೆದರು ಅಂತ ಗುರುತು ಹಾಕಿದ್ದು. ನಮ್ಮ ಮನೆಗಳಲ್ಲೂ ಬಾಗಿಲ ಚೌಕಟ್ಟಿನ ಮೇಲೆ ಹಾಗೇ ಗೆರೆ ಎಳೆಯುತ್ತೇವಲ್ಲ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.

ಹೊರಗೆ ಬಂದ ತಕ್ಷಣ ಇನ್ನೊಂದು ಜಾಗಕ್ಕೆ ಓಡಬೇಡಿ. ಪಕ್ಕದಲ್ಲೇ ವೆಸ್ಟರ್‌ಕೆರ್ಕ್ ಚರ್ಚು. ಅದರ ಗಂಟೆಯ ಸದ್ದನ್ನು ಆನ್ ತನ್ನ ದಿನಚರಿಯಲ್ಲಿ ಬರೆದಿದ್ದಾಳೆ. ಚಿತ್ರಕಾರ ರೆಂಬ್ರಾಂಟ್‌ನನ್ನು 1669ರಲ್ಲಿ ಗುರುತಿಲ್ಲದ ಗೋರಿಯಲ್ಲಿ ಹೂಳಿದ್ದೂ ಅಲ್ಲೇ. ದಡದ ಬೆಂಚಿನಲ್ಲಿ ಅರ್ಧ ಗಂಟೆ ಕೂರಿ.

ಊಟ: ಅಲಸಂದೆ ಕಾಯಿ ಪಲ್ಯ ಸಿಗುತ್ತದೆ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಆದರೆ ಕೇಳಿ ತಿನ್ನಿ. ಬಿಟರ್‌ಬಾಲನ್ ಅನ್ನುವ ಗುಂಡಗಿನ ಕರಿದ ತಿಂಡಿ ನಮ್ಮ ಬೋಂಡದ ಹಾಗೆ ಕಾಣುತ್ತದೆ. ಒಳಗೆ ಮಾಂಸ. ಪ್ಯಾನ್‌ಕೇಕ್‌ಗೂ, ಪಾಫರ್ಚೆಸ್ ಅನ್ನುವ ಪುಟ್ಟ ಪ್ಯಾನ್‌ಕೇಕ್‌ಗೂ ಮೊಟ್ಟೆ ಹಾಕಿರುತ್ತಾರೆ. ಚೀಸ್‌ಗೂ ಎಷ್ಟೋ ಸಲ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕಟ್ಟುನಿಟ್ಟಿನವರು 'ವೆಗೆಟಾರಿಷ್' ಅಂತ ಬರೆದಿದೆಯಾ ನೋಡಿ. ದಪ್ಪ ಆಲೂಗಡ್ಡೆ ಫ್ರೈಸ್, ಚೀಸ್ ಬ್ರೆಡ್, ಫಲಾಫೆಲ್ ಎಲ್ಲ ಕಡೆ ಸಿಗುತ್ತವೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು.

ನಾನು ನೆಂಟರನ್ನೆಲ್ಲ ಕರೆದುಕೊಂಡು ಹೋಗುವುದು ಸುರಿನಾಮ್ ಹೋಟೆಲ್‌ಗೆ. ದಕ್ಷಿಣ ಅಮೆರಿಕದ ಸುರಿನಾಮ್ ಡಚ್ಚರ ವಸಾಹತು ಆಗಿತ್ತು. 1863ರಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಯವರನ್ನು ಕರಾರಿನ ಮೇಲೆ ಸಾಗಿಸಿದರು. ಕಲ್ಕತ್ತೆಯಿಂದ ಹೊರಟ ಲಲ್ಲಾ ರೂಖ್ ಹಡಗು 1873ರ ಜೂನ್‌ನಲ್ಲಿ ಅಲ್ಲಿ ಮುಟ್ಟಿತು. ಹೆಚ್ಚಿನವರು ಇವತ್ತಿನ ಉತ್ತರ ಪ್ರದೇಶ, ಬಿಹಾರದವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮೊಮ್ಮಕ್ಕಳಲ್ಲಿ ಬಹಳ ಜನ ನೆದರ್ಲೆಂಡ್ಸ್‌ಗೆ ಬಂದರು. ಜೊತೆಗೆ ರೊಟ್ಟಿಯೂ ಬಂತು.

'ರೋಟಿ ವೆಗೆಟಾರಿಷ್' ಅಂತ ಕೇಳಿ. ತಟ್ಟೆಯಗಲ ಮೆತ್ತಗಿನ ರೊಟ್ಟಿ ಬರುತ್ತದೆ. ಕೆಲವು ಕಡೆ ಅದರೊಳಗೆ ಪುಡಿ ಮಾಡಿದ ಬೇಳೆ ತುಂಬಿರುತ್ತಾರೆ. ಸಿಹಿಯಿಲ್ಲದ ಹೋಳಿಗೆ ಅನ್ನಿ. ಪಕ್ಕದಲ್ಲಿ ಆಲೂಗಡ್ಡೆ ಸಾರು, ಕೌಸನ್‌ಬಾಂಡ್ ಅನ್ನುವ ಪಲ್ಯ. ಕೌಸನ್‌ಬಾಂಡ್ ಬೇರೇನಲ್ಲ, ನಮ್ಮ ಉದ್ದನೆ ಅಲಸಂದೆ ಕಾಯಿ. ಮೊಟ್ಟೆ ಬೇಡವಾದರೆ ಮೊದಲೇ ಹೇಳಿ. ಬೇಯಿಸಿದ ಮೊಟ್ಟೆ ಇಡುವುದು ವಾಡಿಕೆ. ಮೊದಲ ತುತ್ತು ತಿಂದ ಅಪ್ಪ "ಇದು ನಮ್ಮ ಮನೆ ಊಟಾನೇ" ಅಂದರು. ಅಂಗಡಿಯ ಅಜ್ಜಿಗೆ ಕನ್ನಡ ಬಾರದು, ಅಪ್ಪನಿಗೆ ಡಚ್ ಬಾರದು. ಸರ್ನಾಮಿ ಅನ್ನುವ, ಸುರಿನಾಮಿನ ಭಾರತೀಯರು ಆಡುವ ಹಿಂದಿಯಂಥ ಅವರ ಮಾತಿನಲ್ಲೂ ಅಪ್ಪನ ಅರೆಬರೆ ಹಿಂದಿಯಲ್ಲೂ ಹತ್ತು ನಿಮಿಷ ಮಾತಾಡಿದರು.

ಇಂಥ ಊಟದ ಮನೆಗಳು ಡೆ ಪೈಪ್ ಬಡಾವಣೆಯಲ್ಲಿ ಸಿಗುತ್ತವೆ. ಆಲ್ಬರ್ಟ್ ಕೌಪ್ ಮಾರುಕಟ್ಟೆ ಇರುವುದೂ ಅಲ್ಲೇ. ಅದು ಭಾನುವಾರ ಮುಚ್ಚಿರುತ್ತದೆ. ಹಾಗಾಗಿ ಶನಿವಾರ ಮಧ್ಯಾಹ್ನವೇ ಹೋಗಿ. ಊಟ ಆದ ಮೇಲೆ ಬಿಸಿ ಬಿಸಿ ಸ್ಟ್ರೂಪ್‌ವಾಫಲ್. ಕಾದ ಕಾವಲಿಯಿಂದ ತೆಗೆದ ದೋಸೆಯನ್ನು ಅಡ್ಡಕ್ಕೆ ಎರಡಾಗಿ ಸೀಳಿ, ನಡುವೆ ಪಾಕ ಸವರಿ, ಮತ್ತೆ ಮುಚ್ಚಿ ಕೊಡುತ್ತಾರೆ. ಪಾಕ ಸುಡುತ್ತದೆ, ಮಕ್ಕಳಿಗೆ ಕೊಡುವ ಮೊದಲು ಆರಿಸಿ.

ದೋಣಿ ಹತ್ತುವ ಹೊತ್ತು

ದೋಣಿ ಹತ್ತದೆ ಬರಬೇಡಿ. ಆದರೆ ಸಂಜೆ ಹತ್ತಿ. ನಡು ಮಧ್ಯಾಹ್ನ ಸಾಲೂ ಜಾಸ್ತಿ, ಬೆಳಕೂ ಕಣ್ಣಿಗೆ ಚುಚ್ಚುತ್ತದೆ. ಗಾಜಿನ ಮುಚ್ಚಿಗೆಯ ದೊಡ್ಡ ದೋಣಿಗಳು ಮಳೆ ಬಂದಾಗ ಒಳ್ಳೆಯವು. ಮಳೆ ಇಲ್ಲದಿದ್ದರೆ ಮೇಲ್ಗಡೆ ತೆರೆದ ಚಿಕ್ಕ ದೋಣಿಯನ್ನೇ ಹುಡುಕಿ. ನೀರಿಗೆ ಕೈ ತಾಗುವಷ್ಟು ಕೆಳಗೆ ಕೂತಿರುತ್ತೀರಿ. ಸೇತುವೆಯ ಕೆಳಗೆ ಹಾಯುವಾಗ ಇಟ್ಟಿಗೆ ಕಮಾನಿನ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ದೋಣಿ ನಡೆಸುವವರೇ ಕತೆ ಹೇಳುತ್ತಾರೆ. ಒಂದು ಗಂಟೆಗೆ ಸುಮಾರು 20 ಯೂರೋ ಇಟ್ಟುಕೊಳ್ಳಿ.

ಸೈಕಲ್ ಬಗ್ಗೆ

ಈ ದೇಶದಲ್ಲಿ ಜನಕ್ಕಿಂತ ಸೈಕಲ್ ಜಾಸ್ತಿ. ಕೆಂಪು ಬಣ್ಣದ ರಸ್ತೆ ಸೈಕಲ್‌ನವರದ್ದು. ಅದರ ಮೇಲೆ ನಿಂತು ಫೋಟೋ ತೆಗೆಯಬೇಡಿ. ವಾಹನ ಬಲಬದಿಯಲ್ಲಿ ಹೋಗುತ್ತದೆ. ನಮ್ಮ ಅಭ್ಯಾಸದಂತೆ ಮೊದಲು ಬಲಕ್ಕೆ ನೋಡಿ ಕಾಲಿಟ್ಟರೆ ಎಡದಿಂದ ಸೈಕಲ್ ಬಂದಿರುತ್ತದೆ. ಎರಡೂ ಕಡೆ ನೋಡಿಯೇ ದಾಟಿ.

ಬಾಡಿಗೆ ಸೈಕಲ್ ಏರಿ ಊರ ಮಧ್ಯದಲ್ಲಿ ಸವಾರಿ ಮಾಡುವುದು ಬೇಡ ಅನ್ನುತ್ತೇನೆ. ಟ್ರಾಮ್ ಹಳಿಯ ಸಂದು ಸೈಕಲ್ ಚಕ್ರದಷ್ಟೇ ಅಗಲ. ಓರೆಯಾಗಿ ದಾಟಿದರೆ ಚಕ್ರ ಸಿಕ್ಕಿಕೊಂಡು ಬೀಳುವುದು ಖಂಡಿತ. ಸೈಕಲ್ ಆಸೆ ಇದ್ದವರು ಸೆಂಟ್ರಾಲ್ ನಿಲ್ದಾಣದ ಹಿಂದಿನಿಂದ ದೋಣಿ ಹತ್ತಿ ನೋರ್ಡ್ ಕಡೆಗೆ ಹೋಗಿ. ಆ ದೋಣಿ ಉಚಿತ, ಸೈಕಲ್‌ಗೂ ಉಚಿತ. ಆಚೆ ದಡದಿಂದ ಡರ್ಗರ್‌ಡ್ಯಾಮ್ ಹಳ್ಳಿಯವರೆಗೆ ನೀರಿನ ಪಕ್ಕದ ದಾರಿ. ಒಂದು ಕಡೆ ಒಡ್ಡು, ಇನ್ನೊಂದು ಕಡೆ ಹಸು ಮೇಯುವ ಹುಲ್ಲುಗಾವಲು.

ಭಾನುವಾರ

ರೈಕ್ಸ್ ಮ್ಯೂಸಿಯಂ ಒಂಬತ್ತಕ್ಕೆ ತೆರೆಯುತ್ತದೆ. ಎಂಟೂ ಮುಕ್ಕಾಲಿಗೆ ಅಲ್ಲಿರಿ. ತೆರೆದ ಕೂಡಲೇ ಕೆಳಗಿನದೆಲ್ಲ ಬಿಟ್ಟು ಸೀದಾ ಎರಡನೇ ಮಹಡಿಯ ಗೌರವ ಸಭಾಂಗಣಕ್ಕೆ ಹೋಗಿ. ಮೊದಲ ಅರ್ಧ ಗಂಟೆ ರೆಂಬ್ರಾಂಟ್‌ನ 1642ರ 'ರಾತ್ರಿ ಪಹರೆ' ಮುಂದೆ ಜನ ಕಡಿಮೆ. ಅಗಲ ನಾಲ್ಕೂವರೆ ಮೀಟರ್. ಮೊದಲು ಇನ್ನೂ ದೊಡ್ಡದಿತ್ತು. 1715ರಲ್ಲಿ ಪುರಭವನದ ಗೋಡೆಗೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿದರು. 2019ರಿಂದ ಅದರ ಪರೀಕ್ಷೆ, ದುರಸ್ತಿ ಜನರ ಕಣ್ಣೆದುರೇ ಗಾಜಿನ ಕೋಣೆಯಲ್ಲಿ ನಡೆಯುತ್ತಿದೆ. ಅದೇ ಸಾಲಿನಲ್ಲಿ ವರ್ಮೀರ್‌ನ ಹಾಲು ಸುರಿಯುವ ಹೆಂಗಸು. ಪುಟ್ಟ ಚಿತ್ರ. ಹತ್ತಿರ ಹೋಗಿ ಆ ಹಾಲಿನ ಸಣ್ಣ ಧಾರೆ ನೋಡಿ. ಹಾಲು ಬಗ್ಗಿಸುವಾಗ ನಮ್ಮ ಅಜ್ಜಿಯರ ಮುಖದಲ್ಲಿ ಇರುತ್ತಿದ್ದ ಗಮನವೇ ಅವಳ ಮುಖದಲ್ಲೂ ಇದೆ. ಇನ್ನೊಂದು ವಿಷಯ: ನೆದರ್ಲೆಂಡ್ಸ್ ಬಿಟ್ಟು ಹೊರಗೆ ಹೋಗದ ರೆಂಬ್ರಾಂಟ್, ನಮ್ಮ ಮೊಘಲ್ ಕಿರುಚಿತ್ರಗಳನ್ನು ನೋಡಿ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಬರೆದಿದ್ದ.

ವ್ಯಾನ್ ಗೋ ಆರಿಸಿಕೊಂಡವರು 1885ರ 'ಆಲೂಗಡ್ಡೆ ತಿನ್ನುವವರು' ಮುಂದೆ ನಿಲ್ಲಿ. ಅದನ್ನು ಬರೆದದ್ದು ನಮ್ಮ ಐಂಡ್‌ಹೋವನ್ ಪಕ್ಕದ ನ್ಯೂನನ್ ಹಳ್ಳಿಯಲ್ಲಿ. ಆಮೇಲೆ 1890ರ ಬಾದಾಮಿ ಹೂವಿನ ಚಿತ್ರ. ತಮ್ಮನಿಗೆ ಮಗ ಹುಟ್ಟಿದಾಗ ಉಡುಗೊರೆಯಾಗಿ ಬರೆದದ್ದು. ಆ ಮಗುವೇ ದೊಡ್ಡವನಾಗಿ ಈ ಮ್ಯೂಸಿಯಂ ಆಗಲು ಕಾರಣನಾದ.

ಎರಡು ಗಂಟೆ ಸಾಕು. ಹೊರಗೆ ಬಂದು ಫೊಂಡಲ್ ಪಾರ್ಕಿನಲ್ಲಿ ಕಾಲು ಚಾಚಿ. ಆಮೇಲೆ ಟ್ರಾಮ್ ಹಿಡಿದು ಸ್ಪೌ ಚೌಕದ ಹತ್ತಿರದ ಬೆಹೈನ್‌ಹೋಫ್‌ಗೆ ಹೋಗಿ. ಸಣ್ಣ ಬಾಗಿಲು ದಾಟಿದರೆ ಒಳಗೆ ದೊಡ್ಡ ಅಂಗಳ, ಸುತ್ತ ಮನೆಗಳು. ಒಂದು ಕಾಲದಲ್ಲಿ ದೇವರ ಧ್ಯಾನದಲ್ಲಿ ಬದುಕಿದ ಒಂಟಿ ಹೆಂಗಸರ ವಸತಿ. ಈಗಲೂ ಅಲ್ಲಿ ಹೆಂಗಸರೇ ವಾಸವಿದ್ದಾರೆ. ಹೊರಗಿನ ಗದ್ದಲ ಒಳಗೆ ಕೇಳುವುದೇ ಇಲ್ಲ. ಅಲ್ಲಿನ 34ನೇ ನಂಬರಿನ ಕಪ್ಪು ಮರದ ಮನೆ 1528ರ ಸುಮಾರಿನದು. ಮೆಲ್ಲಗೆ ಮಾತಾಡಿ.

ಎರಡು ಮಾತು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. 'ಕಾಫಿ ಶಾಪ್' ಅಂತ ಬೋರ್ಡ್ ಇದ್ದರೆ ಅಲ್ಲಿ ಮಾರುವುದು ಗಾಂಜಾ. ಕಾಫಿ ಬೇಕಾದರೆ 'ಕೆಫೆ' ಅಂತ ಇರುವಲ್ಲಿಗೆ ಹೋಗಿ. ಕೆಂಪು ದೀಪದ ಬೀದಿಗಳು ಊರಿನ ಅತಿ ಹಳೇ ಭಾಗದಲ್ಲೇ ಇವೆ. 1306ರಲ್ಲಿ ಪ್ರತಿಷ್ಠೆಯಾದ ಔಡೆ ಕೆರ್ಕ್ ಚರ್ಚು ನೋಡಲು ಹೋದರೆ ಆ ದಾರಿಯಲ್ಲೇ ಹಾಯುತ್ತೀರಿ. ಕಿಟಕಿಯಲ್ಲಿ ನಿಂತ ಹೆಂಗಸರ ಫೋಟೋ ತೆಗೆಯಬೇಡಿ. ಅವರು ಅಲ್ಲಿ ಕೆಲಸ ಮಾಡುತ್ತಿದ್ದಾರೆ, ಅವರಿಗೂ ಮಾನ ಇದೆ. ಹಗಲಲ್ಲಿ ಆ ಚರ್ಚು ನಿಜಕ್ಕೂ ನೋಡುವಂಥದ್ದು.

ಗಾಳಿಗಿರಣಿ ನೋಡಲು ಜಾನ್ಸೆ ಸ್ಖಾನ್ಸ್‌ಗೆ ಹೋಗೋಣವಾ ಅಂತ ಎಲ್ಲರೂ ಕೇಳುತ್ತಾರೆ. ಮೂರನೇ ದಿನ ಇದ್ದರೆ ಹೋಗಿ. ಎರಡೇ ದಿನವಾದರೆ ಬೇಡ.

ರೈಲಿಗೆ ಎರಡು ಗಂಟೆ ಇರುವಾಗ ಕಾಲುವೆ ದಡದಲ್ಲಿ ಒಂದು ಬೆಂಚು ಹುಡುಕಿ. ಬ್ರೌವರ್ಸ್‌ಗ್ರಾಹ್ಟ್ ಮತ್ತು ಪ್ರಿನ್ಸನ್‌ಗ್ರಾಹ್ಟ್ ಸೇರುವ ಮೂಲೆ ನನಗೆ ಇಷ್ಟ. ಸೆಂಟ್ರಾಲ್ ನಿಲ್ದಾಣಕ್ಕೆ ಅಲ್ಲಿಂದ ಕಾಲು ಗಂಟೆ ನಡಿಗೆ. ಫ್ಲಾಸ್ಕಿನಲ್ಲಿ ಕಾಫಿ, ಸಂತೆಯಲ್ಲಿ ಕೊಂಡ ಬ್ರೆಡ್ ಇದ್ದರೆ ಇನ್ನೇನೂ ಬೇಡ. ಎರಡನೇ ಸಲ ಬಂದಾಗ ಅಮ್ಮ ಅಲ್ಲೇ ಕೂತಿದ್ದರು, ಶಾಲು ಹೊದ್ದುಕೊಂಡು. ಒಂದು ದೋಣಿ ಹೋಯಿತು. ಅದರ ಅಲೆ ದಡಕ್ಕೆ ಬಂದು ಬಡಿದು, ನೀರು ಮತ್ತೆ ಸುಮ್ಮನಾಯಿತು. "ಇನ್ನೊಂದು ದೋಣಿ ಬರಲಿ, ಆಮೇಲೆ ಹೋಗೋಣ" ಅಂದರು.